ಮೇಲಿನ ಹಲಗೆ

ಎದೆ ಹಿಂಡುತ್ತದೆ ಎಂದು ಬಾಯಿಬಿಟ್ಟರೆ ಡಾಕ್ಟರು ಸೌನಾದ ಹಬೆಸ್ನಾನ ಬಿಡಿಸುತ್ತಾರೆ. ತೌನೋನಿಗಿದ್ದ ಭಯ ಅದೊಂದೇ. ಅವನಪ್ಪ ಇದೇ ವಯಸ್ಸಿನಲ್ಲಿ ಸೌನಾಕ್ಕೆ ನೀರು ಹೊರುತ್ತ ದಾರಿಯಲ್ಲೇ ಕುಸಿದು ಸತ್ತಿದ್ದ. ಆದರೂ ಶನಿವಾರ ಸಂಜೆ ಕಾದ ಕಲ್ಲಿನ ಮೇಲೆ ನೀರೆರಚಿ ಆ ಹಬೆಯಲ್ಲಿ ಬೆವರದೆ ಬದುಕುವುದು ಹೇಗೆಂದು ತೌನೋನಿಗೆ ಗೊತ್ತಿರಲಿಲ್ಲ.

ಫಿನ್ಲೆಂಡಿನ ಸಾವೋ ಸೀಮೆಯ ನಡುವಯಸ್ಸಿನ ಗಂಡಸರ ಗುಂಡಿಗೆ ಯಾಕಿಷ್ಟು ಬೇಗ ಕೈಕೊಡುತ್ತದೆ ಎಂದು ತಿಳಿಯಲು ಸಂಶೋಧಕರು ವರ್ಷಗಟ್ಟಲೆಯಿಂದ ಅವರ ಬೆನ್ನು ಬಿದ್ದಿದ್ದರು. ಆಗಾಗ ಕರೆಸಿ, ರಕ್ತ ತೆಗೆದು, ನಿಂತಲ್ಲೇ ನಿಲ್ಲುವ ಸೈಕಲ್ಲು ತುಳಿಸುತ್ತಿದ್ದರು. ಬೆಣ್ಣೆ ಎಷ್ಟು ತಿಂತೀರಿ ಎಂದು ಕೇಳಿದರೆ ಗಂಡಸರೆಲ್ಲ ಸೂರು ನೋಡುತ್ತಿದ್ದರು. ಪಕ್ಕದ ಮನೆಯ ಓಯ್ವಾನಿಗಿಂತ ಒಂದು ಸುತ್ತಾದರೂ ಹೆಚ್ಚು ತುಳಿಯದೆ ತೌನೋ ಇಳಿಯುತ್ತಿರಲಿಲ್ಲ. ಸೌನಾದಲ್ಲೂ ಇಬ್ಬರದು ಇದೇ ಹಟ. ಬಿಸಿ ಹೆಚ್ಚಿರುವ ಮೇಲಿನ ಹಲಗೆಯಿಂದ ಮೊದಲು ಇಳಿದವನು ಸೋತಂತೆ.

ಈ ಸಲ ಯಂತ್ರ ಗೀಚಿದ ಗೆರೆ ನೋಡಿ, ಪಡುವಣದ ತುರ್ಕು ಪಟ್ಟಣದ ಕಡೆಯಿಂದ ಹೊಸದಾಗಿ ಬಂದಿದ್ದ ಲಿಂಡ್ರೂಸ್ ಡಾಕ್ಟರ ಮುಖ ಸಣ್ಣದಾಯಿತು.

"ತುಳಿಯುವಾಗ ಎದೆನೋವು ಬಂತಾ?"

"ಬಂದಿದ್ರೂ ಬಂದಿರಬಹುದು."

"ಅಂದ್ರೆ, ಬಂತು?"

"ಹಾಗಂತ ನಾನು ಅಂದ್ನಾ?"

"ಹಾಗಾದ್ರೆ ಬರಲಿಲ್ಲ."

"ಅದನ್ನೂ ಅಂದಿಲ್ವಲ್ಲ ಡಾಕ್ಟ್ರೇ."

ಹೌದು, ಇಲ್ಲ ಎಂಬ ಎರಡು ಮಾತು ಸಾವೋ ಗಂಡಸಿನ ಬಾಯಲ್ಲಿ ಬರುವುದಿಲ್ಲವೆಂದು ಪಾಪ, ಅವರಿಗೆ ಯಾರೂ ಹೇಳಿರಲಿಲ್ಲ. ಆ ಪೆಚ್ಚುಮೋರೆ ನೋಡಲಾರದೆ ತೌನೋ, "ಶನಿವಾರ ನಮ್ಮನೆ ಸೌನಾಕ್ಕೆ ಬನ್ನಿ" ಎಂದುಬಿಟ್ಟ.

ಶನಿವಾರ ಓಯ್ವಾನೂ ಸೇರಿ ಮೂವರೂ ಬರಿಮೈಯಲ್ಲಿ ಮೇಲಿನ ಹಲಗೆಯಲ್ಲಿ ಕೂತರು. ಓಯ್ವಾ ಬೇಕೆಂದೇ ಕಲ್ಲಿನ ಮೇಲೆ ಚೊಂಬುಗಟ್ಟಲೆ ನೀರೆರಚಿದ. ಡಾಕ್ಟರು ಕೆಂಪಗಾಗಿ ಕೆಳಗಿನ ಹಲಗೆಗೆ ಜಾರಿದರು. ಅಲ್ಲಿಂದಲೇ ತಲೆಯೆತ್ತಿ, "ಈಗಾದ್ರೂ ಹೇಳಿ, ನೋವಿದೆಯಾ?" ಎಂದರು.

ಸೌನಾದೊಳಗೆ ಸುಳ್ಳಾಡಬಾರದು, ಅಲ್ಲಿ ಹಾರಿಕೆಯ ಮಾತೂ ಸುಳ್ಳೇ ಎಂದು ಅಪ್ಪ ಕಲಿಸಿದ್ದ. ಡಾಕ್ಟರನ್ನು ಕರೆಯುವಾಗ ಅದು ತೌನೋನಿಗೆ ಹೊಳೆದಿರಲೇ ಇಲ್ಲ.

"ಇದೆ" ಎಂದ. "ಕೆರೆಯಿಂದ ನೀರು ಹೊತ್ತು ದಿಣ್ಣೆ ಹತ್ತುವಾಗ ಹಿಂಡುತ್ತೆ. ಇನ್ಮೇಲೆ ಸೌನಾ ಬೇಡ ಅಂತೀರಿ, ಅಷ್ಟೇ ತಾನೆ?" ಅವನಿಗೆ ಅಳು ಬಂದಿತ್ತು, ಬೆವರಿನಲ್ಲಿ ಯಾರಿಗೂ ಕಾಣಲಿಲ್ಲ.

"ನೀರು ಹೊರೋದು ಬಿಡಿ, ಬೆಣ್ಣೆ ಬಿಡಿ. ಸೋಮವಾರ ದೊಡ್ಡಾಸ್ಪತ್ರೆಗೆ ನಡೀರಿ. ಔಷಧಿ ಹಿಡಿಯೋವರೆಗೆ ತಡೆದು, ಆಮೇಲೆ ಇಲ್ಲಿ ಕೆಳಗಿನ ಹಲಗೇಲಿ ಕೂತ್ಕೊಳ್ಳಿ."

ಕೆಳಗಿನ ಹಲಗೆ ಎಂದರೆ ಮಕ್ಕಳು ಕೂರುವ ಜಾಗ. ಓಯ್ವಾ ಈಗ ನಗುತ್ತಾನೆ, ನಾಳೆ ಊರಿಗೆಲ್ಲ ಸಾರುತ್ತಾನೆ ಎಂದು ತೌನೋ ಕಾದ. ಓಯ್ವಾ ನಗಲಿಲ್ಲ. ಚೊಂಬು ಪಕ್ಕಕ್ಕಿಟ್ಟು, ಮೆಲ್ಲಗೆ ಕೆಳಗಿಳಿದ.

"ಸ್ವಲ್ಪ ಸರೀರಿ ಡಾಕ್ಟ್ರೇ. ನನಗೂ ಹೋದ ಚಳಿಗಾಲದಿಂದ ಹಿಂಡ್ತಿದೆ."

ತೌನೋ ಸ್ವಲ್ಪ ಹೊತ್ತು ಮೇಲೆ ಒಬ್ಬನೇ ಕೂತಿದ್ದ. ಆಮೇಲೆ ತಾನೂ ಇಳಿದು ಓಯ್ವಾನಿಗೆ ಒತ್ತಿ ಕೂತ.

"ನಮ್ಮಿಬ್ರಲ್ಲಿ ಮೊದಲು ಇಳಿದವನು ನೀನೇ ಕಣೋ" ಎಂದ.

"ಹೌದು" ಎಂದ ಓಯ್ವಾ.