ತೂಬಿನ ಕೆಳಗಿನ ನೀರು

ಭತ್ತ ತೆನೆ ಒಡೆಯುವ ಹೊತ್ತಿಗೆ ತುರ್ವಿಹಾಳದ ಸುತ್ತೆಲ್ಲ ಎಣ್ಣೆಯ ವಾಸನೆ. ಎಣ್ಣೆ ಎಂದರೆ ಅಡುಗೆಯದಲ್ಲ, ಹುಳಕ್ಕೆ ಹೊಡೆಯುವ ಔಷಧ. ನಸುಕಿನಲ್ಲಿ ಗಾಳಿ ಕಡಿಮೆ ಇರುವಾಗ ಹೊಡೆಯುವುದು, ಕಾಲುವೆಗೆ ಇಳಿದು ಔಷಧ ಹೊಡೆದ ಪಂಪು ತೊಳೆಯುವುದು, ಖಾಲಿ ಬಾಟಲಿಯನ್ನು ಜಾಲಿ ಪೊದೆಗೆ ಎಸೆದು ಮನೆಗೆ ಬರುವುದು ಇಲ್ಲಿನ ರೂಢಿ. ಅಪ್ಪಂದಿರು ಮಾಡಿದ್ದನ್ನೇ ಮಕ್ಕಳು ಮಾಡುತ್ತಾರೆ. ಇದರಲ್ಲಿ ತಪ್ಪೇನಿದೆ ಎಂದು ಯಾರೂ ಯೋಚಿಸಿದ್ದಿಲ್ಲ.

ಮೈಲಾರಲಿಂಗಪ್ಪನೂ ಯೋಚಿಸಿರಲಿಲ್ಲ. ಆ ಭಾನುವಾರ ಕಾಲುವೆಗೆ ನೀರು ಬಂದ್ ಆಗಿತ್ತು. ತೂಬಿನ ಕೆಳಗಿನ ಗುಂಡಿಯಲ್ಲಿ ಮಾತ್ರ ಒಂದಿಷ್ಟು ನೀರು ನಿಂತಿತ್ತು. ಪಂಪಿನಲ್ಲಿ ಉಳಿದ ಎಣ್ಣೆಯನ್ನು ಅವನು ಅದರೊಳಗೆ ಸುರಿದ. ಪಂಪನ್ನೂ ಬಾಟಲಿಯನ್ನೂ ಅಲ್ಲೇ ಜಾಲಾಡಿಸಿದ.

ಅವನು ಮೇಲೆ ಹತ್ತುವಾಗ ಜುಬೇದಾಬೀ ಸೊಪ್ಪಿನ ಬುಟ್ಟಿ ಹೊತ್ತು ಕೆಳಗೆ ಇಳಿಯುತ್ತಿದ್ದಳು. ತುಂಡು ಹೊಲದಲ್ಲಿ ಎಣ್ಣೆ ಮುಟ್ಟಿಸದೆ ಹಕ್ಕರಕಿ, ಮೆಂತ್ಯ ಬೆಳೆದು ಸಿಂಧನೂರಿನ ರೈತ ಸಂತೆಯಲ್ಲಿ ಮಾರುವವಳು ಅವಳು. ಬಸ್ಸಿನಲ್ಲಿ ಸೊಪ್ಪು ಬಾಡದಿರಲೆಂದು ಹೊರಡುವ ಮುಂಚೆ ಕಟ್ಟುಗಳನ್ನು ನೀರಿನಲ್ಲಿ ಅದ್ದುತ್ತಾಳೆ.

"ಎಣ್ಣಿ ಹೊಡದು ಬಂದ್ರೇನಣ್ಣಾ?"

"ಹೂನವಾ, ಮುಗೀತು."

ಅವಳು ಅದೇ ಗುಂಡಿಯಲ್ಲಿ ಸೊಪ್ಪು ಅದ್ದುವುದನ್ನು ಅವನು ಕಣ್ಣಾರೆ ಕಂಡ. ದಿನಾ ಕಾಣುವ ಸಂಗತಿ ಎಂದು ಸುಮ್ಮನೆ ಹೊರಟ.

ದಾರಿಯಲ್ಲಿ ಆಶಾ ಕಾರ್ಯಕರ್ತೆ ಮಹಾಲಕ್ಷ್ಮಿ ಎದುರಾದಳು. ಭಾನುವಾರ ಬಂದರೆ ಸಾಕು, ಸ್ವಸಹಾಯ ಸಂಘದ ಹೆಂಗಸರನ್ನು ಕಟ್ಟಿಕೊಂಡು ಕಾಲುವೆ ದಂಡೆ ಸ್ವಚ್ಛ ಮಾಡಲು ಹೊರಡುತ್ತಾಳೆ. ಅವರ ಕೈಗೆ ಗವಸು, ಹೆಗಲಿಗೆ ಖಾಲಿ ಚೀಲ.

"ಕಾಕಾ, ಕಾಲುವಿಗೆ ನೀರಿಲ್ಲಲ್ರಿ. ಪಂಪು ಎಲ್ಲಿ ತೊಳದ್ರಿ?"

"ತೂಬಿನ ಕೆಳಗ ನಿಂತೈತಲ್ಲ."

"ನಿಂತ ನೀರಾಗ ತೊಳದ್ರ ಎಣ್ಣಿ ಅಲ್ಲೇ ಕುಂದ್ರತೈತ್ರಿ. ಹರಿಯೋ ನೀರಾಗ ತೊಳದ್ರ ಕೆಳಗಿನ ಊರಿಗೆ ಹೋಗತೈತಿ. ನಿಮ್ಮ ಗದ್ದ್ಯಾಗೇ ತೊಳದು, ಆ ನೀರು ನಿಮ್ಮ ಬೆಳಿಗೇ ಹೊಡೀರಿ ಅಂತ ಎಷ್ಟು ಸಲ ಹೇಳೀನಿ."

"ನಮ್ಮಪ್ಪನ ಕಾಲದಿಂದ ತೊಳದೀವಿ, ಯಾರು ಸತ್ತಾರವಾ? ನೀವು ಬಾಟ್ಲಿ ಆರಿಸಿ ಫೋಟೋ ತಗಸ್ಕೊಳ್ರಿ. ನಮಗ ಬುದ್ಧಿ ಹೇಳಾಕ ಬರಬ್ಯಾಡ್ರಿ."

ಮಹಾಲಕ್ಷ್ಮಿ ಹೆಂಗಸರೊಂದಿಗೆ ತೂಬಿನತ್ತ ನಡೆದಳು. ದನಕರು ಬಾಯಿ ಹಾಕದಿರಲೆಂದು ಆ ಗುಂಡಿಗೆ ಜಾಲಿ ಮುಳ್ಳು ಮುಚ್ಚಿಸಿದಳು. ಅಷ್ಟರಲ್ಲಿ ಜುಬೇದಾಬೀ ಹೋಗಿಯಾಗಿತ್ತು.

ಮೈಲಾರಲಿಂಗಪ್ಪನ ಮನೆಯಲ್ಲಿ ಆಗ ಸಂಭ್ರಮದ ದಿನಗಳು. ಮಸ್ಕಿಗೆ ಕೊಟ್ಟ ಮಗಳು ನಾಗವೇಣಿ ಚೊಚ್ಚಲ ಬಸುರಿ. ಕುಬಸದ ಸೀಮಂತ ಮಾಡಿ ತವರಿಗೆ ಕರೆತಂದಿದ್ದರು. ಮಗಳ ಬಯಕೆ ದೊಡ್ಡದೇನಲ್ಲ, ಬಿಸಿ ರೊಟ್ಟಿಯ ಜೊತೆ ಹಸಿ ಹಕ್ಕರಕಿ. ಜುಬೇದಾಬೀ ಬಸ್ ಸ್ಟ್ಯಾಂಡಿಗೆ ಹೋಗುತ್ತಾ ಬಸುರಿಗೆಂದು ಒಳ್ಳೆಯದೊಂದು ಕಟ್ಟು ಆರಿಸಿ, ಆಗತಾನೆ ತೊಳೆದದ್ದೆಂದು ಹೇಳಿ ಕೊಟ್ಟುಹೋಗಿದ್ದಳು. ನಾಗವೇಣಿಯ ತಾಯಿ ಮುದುಕಮ್ಮ ಅದನ್ನು ಮತ್ತೆ ತೊಳೆಯಲಿಲ್ಲ.

ರೊಟ್ಟಿ ತಿಂದು ಸ್ವಲ್ಪ ಹೊತ್ತಿಗೆಲ್ಲ ನಾಗವೇಣಿ ಹೊಟ್ಟೆ ಹಿಡಿದು ಕುಳಿತಳು. ಆಮೇಲೆ ವಾಂತಿ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. "ಯವ್ವಾ, ಕಣ್ಣು ಮಂಜಾಗಾಕತ್ತಾವ" ಎಂದಳು.

ಮಹಾಲಕ್ಷ್ಮಿ ಓಡಿ ಬಂದಳು. ಆಟೋ ಹಿಡಿದು ಎಲ್ಲರೂ ಸಿಂಧನೂರಿನ ದವಾಖಾನೆ ಸೇರಿದರು. ಡಾಕ್ಟರು ನಾಗವೇಣಿಯ ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಔಷಧ ಶುರು ಮಾಡಿಸಿ, ಹೊರಗೆ ಬಂದು ಕೇಳಿದರು:

"ಬೆಳೆಗೆ ಹೊಡೆಯುವ ವಿಷ ಹೊಟ್ಟೆಗೆ ಹೋದ ಹಾಗೆ ಕಾಣುತ್ತೆ. ಏನು ತಿಂದಿದ್ದಾರೆ? ಯಾವ ಔಷಧ ಅಂತ ಗೊತ್ತಾದರೆ ಅನುಕೂಲ."

"ರೊಟ್ಟಿ, ಹಕ್ಕರಕಿ ಅಷ್ಟೇ ತಿಂದಾಳ್ರಿ" ಎಂದಳು ಮುದುಕಮ್ಮ. "ಆ ಜುಬೇದಾಬೀ ಸೊಪ್ಪು. ಎಣ್ಣಿ ಹೊಡೆಯಂಗಿಲ್ಲ ಅಂತ ಊರಿಗೆಲ್ಲ ಹೇಳಿ ಮಾರತಾಳ. ನನ್ನ ಮಗಳಿಗೆ ವಿಷ ಕೊಟ್ಟಾಳ."

ಮೈಲಾರಲಿಂಗಪ್ಪ ಗೋಡೆಗೆ ಒರಗಿ ನಿಂತ. ತೂಬಿನ ಕೆಳಗಿನ ನೀರು, ಅದರಲ್ಲಿ ಅದ್ದಿದ ಹಸಿರು ಕಟ್ಟುಗಳು ಕಣ್ಣಿಗೆ ಕಟ್ಟಿದವು. ಬಾಯಿ ಬಿಡದಿದ್ದರೆ ಸೊಪ್ಪು ಅದ್ದಿದ್ದು ಆ ಗುಂಡಿಯಲ್ಲೇ ಎಂದು ಅಲ್ಲಿದ್ದ ಯಾರಿಗೂ ತಿಳಿಯುತ್ತಿರಲಿಲ್ಲ. ಪಾಪವೆಲ್ಲ ಜುಬೇದಾಬೀಯ ತಲೆಗೆ ಹೋಗುತ್ತಿತ್ತು. ಆದರೆ ಒಳಗೆ ಮಲಗಿದ್ದವಳು ಅವನ ಮಗಳು, ಅವಳ ಹೊಟ್ಟೆಯಲ್ಲಿ ಇನ್ನೊಂದು ಜೀವ.

"ಆಕಿ ಕೊಟ್ಟಿಲ್ಲ" ಎಂದ. "ನಾ ಕೊಟ್ಟೀನಿ. ಆಕಿ ಸೊಪ್ಪು ಅದ್ದಿದ ನೀರಾಗ ನಾ ಪಂಪು ತೊಳದೀನಿ."

ಮುದುಕಮ್ಮ ಗಂಡನತ್ತ ಒಮ್ಮೆ ನೋಡಿ ಮಗಳ ಹತ್ತಿರ ಹೋದಳು.

"ಬಾಟ್ಲಿ ಎಲ್ಲೈತ್ರಿ ಕಾಕಾ?" ಮಹಾಲಕ್ಷ್ಮಿ ಕೇಳಿದಳು.

"ತೂಬಿನ ಬಾಜು ಪೊದಿಯಾಗ ಒಗದೀನಿ."

ಅವಳು ಊರಿಗೆ ಫೋನ್ ಹಚ್ಚಿದಳು. ಸಂಘದ ಹೆಂಗಸರು ಅಂದು ಆರಿಸಿದ ಬಾಟಲಿಗಳು ಚೀಲದಲ್ಲೇ ಇದ್ದವು. ತೂಬಿನ ಹತ್ತಿರ ಸಿಕ್ಕ ಹೊಸ ಬಾಟಲಿಯ ಫೋಟೋ ಡಾಕ್ಟರ ಕೈ ಸೇರಿತು. ಬೆಳಿಗ್ಗೆ ತಾನು ಹಂಗಿಸಿದ್ದೂ ಫೋಟೋದ ಮಾತೆತ್ತಿಯೇ ಎಂಬುದು ಮೈಲಾರಲಿಂಗಪ್ಪನಿಗೆ ಚುಚ್ಚಿತು.

"ಕಾಕಾ, ಜುಬೇದಾಬೀ ಉಳದ ಸೊಪ್ಪು ಸಂತ್ಯಾಗ ಮಾರಾಕತ್ತಿರತಾಳ" ಎಂದಳು ಮಹಾಲಕ್ಷ್ಮಿ.

ಅವನು ಸಂತೆಗೆ ಓಡಿದ. ಜುಬೇದಾಬೀ ಒಬ್ಬ ತಾಯಿಯ ಚೀಲಕ್ಕೆ ಹಕ್ಕರಕಿ ಹಾಕುತ್ತಿದ್ದಳು. ಅವನು ಆ ಕೈ ತಡೆದು, ಎಲ್ಲರ ಮುಂದೆ ನಡೆದದ್ದು ಹೇಳಿದ. ಸಂತೆಯವರು ಮೈಕಿನಲ್ಲಿ ಕೂಗಿ, ಆಗಲೇ ಕೊಂಡವರಿಂದ ಸೊಪ್ಪು ವಾಪಸ್ ತರಿಸಿದರು. ಪುಣ್ಯಕ್ಕೆ ಅವಳ ಬಸ್ಸು ತಡವಾಗಿ ವ್ಯಾಪಾರ ಆಗಷ್ಟೇ ಶುರುವಾಗಿತ್ತು, ಇನ್ನೂ ಯಾರೂ ಮನೆ ಮುಟ್ಟಿರಲಿಲ್ಲ.

"ನಾ ಇಳಿಯೋದು ನೋಡಿದ್ರಲ್ಲಣ್ಣಾ" ಎಂದಳು ಜುಬೇದಾಬೀ. "ಒಂದು ಮಾತು ಹೇಳಬಾರದಿತ್ತೇನು?"

"ಹೇಳಬೇಕಿತ್ತವಾ. ನನ್ನ ತಲ್ಯಾಗೇ ಬರಲಿಲ್ಲ."

ನಾಗವೇಣಿ ಬದುಕಿದಳು. ಹೊಟ್ಟೆಯೊಳಗಿನ ಕೂಸೂ ಮಿಸುಕಾಡಿತು. ಆದರೆ ಬೀಗರು ಬಂದು, "ಹೆರಿಗಿ ನಮ್ಮ ಮನ್ಯಾಗೇ ಆಗಲಿ" ಎಂದು ಮಗಳನ್ನು ಮಸ್ಕಿಗೆ ಕರೆದುಕೊಂಡು ಹೋದರು. ಚೊಚ್ಚಲ ಹೆರಿಗೆ ತವರಿನ ಹಕ್ಕು. ಆ ಹಕ್ಕು ಕೇಳಲು ಮೈಲಾರಲಿಂಗಪ್ಪನಿಗೆ ಬಾಯಿ ಬರಲಿಲ್ಲ. ಆ ದಿನ ಮನೆಯಲ್ಲಿ ಒಲೆ ಹೊತ್ತಿಸಲು ಮುದುಕಮ್ಮನಿಗೂ ಮನಸ್ಸಾಗಲಿಲ್ಲ.

ಮುಂದಿನ ಭಾನುವಾರ ಅವನು ಕರೆಯದೆಯೇ ಕಾಲುವೆ ದಂಡೆಗೆ ಹೋಗಿ ಚೀಲ ಹಿಡಿದ. ಈಗ ಅವನು ಪಂಪು ತೊಳೆಯುವುದು ತನ್ನ ಗದ್ದೆಯಲ್ಲೇ, ಆ ನೀರು ಹೊಡೆಯುವುದು ತನ್ನ ಬೆಳೆಗೇ. ಜುಬೇದಾಬೀ ಸೊಪ್ಪು ತೊಳೆಯುವುದು ಬೋರಿನ ನೀರಿನಲ್ಲಿ. ಅವಳ ಹತ್ತಿರ ಬರಲು ಗಿರಾಕಿಗಳು ಹಿಂದೆ ಮುಂದೆ ನೋಡಿದಾಗ ಮೈಲಾರಲಿಂಗಪ್ಪ ಸಂತೆಗೆ ಹೋಗಿ ಬುಟ್ಟಿಯ ಪಕ್ಕ ಕುಳಿತ. "ತಪ್ಪು ಈಕಿದಲ್ರಿ, ನಂದು" ಎಂದು ಕೇಳಿದವರಿಗೆಲ್ಲ ಹೇಳಿದ.

ಮಸ್ಕಿಯಲ್ಲಿ ನಾಗವೇಣಿಗೆ ಹೆಣ್ಣು ಕೂಸು ಹುಟ್ಟಿತು. ನೋಡಲು ಹೋದ ಅಪ್ಪನ ಮಡಿಲಿಗೆ ಕೂಸನ್ನು ಕೊಟ್ಟು ಅವಳು ಮೆಲ್ಲಗೆ ಹೇಳಿದಳು:

"ಯಪ್ಪಾ, ಕೂಸನ್ನ ಕರ್ಕೊಂಡು ತವರಿಗೆ ಬರತೀನಿ. ಆದ್ರ ಈ ನೀರು ಎಲ್ಲಿಂದು ಅಂತ ಪ್ರತಿ ಸಲ ಕೇಳತೀನಿ. ಸಿಟ್ಟಾಗಬ್ಯಾಡ."

"ಕೇಳವ್ವ" ಎಂದ ಮೈಲಾರಲಿಂಗಪ್ಪ. ಮೊಮ್ಮಗಳಿಗೆ ಹೊದಿಸಿದ ಬಟ್ಟೆ ಸರಿಮಾಡಿದ. "ನಮ್ಮನ್ನ ಕೇಳೋರು ಇಲ್ಲದ್ದಕ್ಕೇ ಹಿಂಗಾತು."

ಅಣ್ಣಂದಿರೇ, ಅಕ್ಕಂದಿರೇ, ನೀವೂ ಇಂದು ನಿಮ್ಮ ಮನೆಯಲ್ಲಿ ಕೇಳಿ: ಪಂಪು ಎಲ್ಲಿ ತೊಳೆದಿರಿ? ಬಾಟಲಿ ಎಲ್ಲಿ ಹಾಕಿದಿರಿ? ಹರಿಯಲಿ, ನಿಲ್ಲಲಿ, ಕಾಲುವೆಯ ನೀರಿಗೆ ಎಣ್ಣೆ ಬೀಳದಂತೆ ನೋಡಿಕೊಳ್ಳಿ. ಸೊಪ್ಪನ್ನು ಶುದ್ಧ ನೀರಿನಲ್ಲಿ ತೊಳೆದೇ ತಿನ್ನಿ. ಯಾರಿಗಾದರೂ ವಿಷ ತಗುಲಿದರೆ ತಡಮಾಡದೆ ದವಾಖಾನೆಗೆ ಒಯ್ಯಿರಿ, ಬಾಟಲಿಯನ್ನೂ ಚೀಲದಲ್ಲಿ ಕಟ್ಟಿ ಜೊತೆಗೆ ಒಯ್ಯಿರಿ, ನಾಚಿಕೆಗೆ ಮುಚ್ಚಿಡಬೇಡಿ. ಭಾನುವಾರ ನಿಮ್ಮೂರಿನ ದಂಡೆಯಲ್ಲಿ ಚೀಲ ಹಿಡಿದವರು ಕಂಡರೆ ನಗುತ್ತಾ ಮುಂದೆ ಹೋಗಬೇಡಿ. ಅವರ ಜೊತೆ ನಿಲ್ಲಿ. ನಿಮ್ಮಿಂದ ಕೆಳಗೆ ಆ ನೀರು ಮುಟ್ಟುವವಳು ಯಾರ ಮಗಳೋ, ಅವಳು ನಿಮ್ಮ ಮಗಳೇ ಆಗಿರಬಹುದು.