ಪಕೀರಮ್ಮನ ಪುರುಸೊತ್ತು

ಸಂಘಕ್ಕೆ ಕಾರ್ಯದರ್ಶಿ ಆಗು ಅಂದಾಗ ಒಲ್ಲೆ ಅನ್ನದಿದ್ದದ್ದು ನನ್ನ ತಪ್ಪು. ಅವತ್ತೊಂದು ದಿನ ನಾಲಿಗೆ ಹೊರಳಲಿಲ್ಲ, ಆರು ವರ್ಷದಿಂದ ಅನುಭವಿಸುತ್ತಿದ್ದೇನೆ. ಲಿಂಗಸುಗೂರಿನ ಒಂದು ಟ್ರಸ್ಟಿನ ಹಾಸ್ಟೆಲಿನಲ್ಲಿದ್ದು ಓದಿದ ಹಳೆಯ ಹುಡುಗಿಯರ ಸಂಘ ನಮ್ಮದು. ಹುಡುಗಿಯರು ಅಂತ ನಾವೇ ಅಂದುಕೊಳ್ಳಬೇಕು, ಎಲ್ಲರಿಗೂ ಮಂಡಿನೋವು. ಸಿಂಧನೂರಿನವರು ಒಂದಿಷ್ಟು, ಮಸ್ಕಿಯವರು ಒಂದಿಷ್ಟು, ಉಳಿದವರು ಲಿಂಗಸುಗೂರಿನವರೇ. ವರ್ಷಕ್ಕೊಮ್ಮೆ ಕೂಡುತ್ತೇವೆ, ಉಣ್ಣುತ್ತೇವೆ, ಚಂದಾ ಎತ್ತಿ ಹಾಸ್ಟೆಲಿಗೆ ಏನಾದರೂ ಕೊಡುತ್ತೇವೆ.

ಈ ಒಂದು ದಿನಕ್ಕೆ ಮೂರು ತಿಂಗಳ ಗೋಳು. ಎಲ್ಲರೂ ಒಂದೇ ಬಣ್ಣದ ಸೀರೆ ಉಡಬೇಕಂತೆ, ಆ ಬಣ್ಣ ಯಾವುದು ಅಂತಲೇ ಹದಿನೈದು ದಿನ ಜಗಳ. ಸಿಂಧನೂರಿನವರು ನವಿಲು ಬಣ್ಣ ಅಂದರೆ ಮಸ್ಕಿಯವರು ಗುಲಾಬಿ. ಎತ್ತು ಏರಿಗೆ, ಕೋಣ ನೀರಿಗೆ. ನಾನು ಶಾಲೆಯಲ್ಲಿ ಪಾಠ ಒದರಿ, ಮನೆಗೆ ಬಂದು ಕುಕ್ಕರ್ ಇಟ್ಟು, ಮೊಬೈಲಿನಲ್ಲಿ ಇವರಿಗೆಲ್ಲ ಕೈಮುಗಿಯುವ ಚಿತ್ರ ಕಳಿಸುತ್ತ ಕೂಡಬೇಕು. ಸಾಕು ಸಾಕಾಗಿ ಹೋಗಿತ್ತು.

ನಿಜ ಹೇಳಬೇಕೆಂದರೆ ಅಷ್ಟು ಜನರಲ್ಲಿ ನನಗೆ ಬೇಕಾಗಿದ್ದವಳು ಒಬ್ಬಳೇ, ಪಕೀರಮ್ಮ. ಹಾಸ್ಟೆಲಿನಲ್ಲಿ ನನ್ನ ಪಕ್ಕದ ಹಾಸಿಗೆಯವಳು. ನನಗೆ ಕಾಮಾಲೆಯಾದಾಗ ಒಂದು ತಿಂಗಳು ನನ್ನ ಬಟ್ಟೆ ಒಗೆದವಳು. ಎಡಗೈಯಲ್ಲೇ ಎಲ್ಲ ಕೆಲಸ ಮಾಡುತ್ತಿದ್ದಳಾದ್ದರಿಂದ ನಾವು ಎಡಚಿ ಅನ್ನುತ್ತಿದ್ದೆವು. ಪಿಯುಸಿ ಮುಗಿಯುವ ಮೊದಲೇ ಲಿಂಗಸುಗೂರಿಗೇ ಮದುವೆ ಮಾಡಿಕೊಟ್ಟರು. ಅವಳದು ಬಟನ್ ಫೋನು, ನಮ್ಮ ಗುಂಪಿಗೆ ಸೇರಿಸಲಿಕ್ಕೂ ಬರುವುದಿಲ್ಲ. ಹಾಗಾಗಿ ಪ್ರತಿ ವರ್ಷ ನಾನೇ ಫೋನ್ ಮಾಡಿ ಕರೆಯುತ್ತಿದ್ದೆ. ಪ್ರತಿ ವರ್ಷ ಅದೇ ಉತ್ತರ.

"ಪುರುಸೊತ್ತಿಲ್ಲ ಬೇ ರಾಜಶ್ರೀ."

"ಅಂಥಾದ್ದೇನ್ ಕೆಲಸ ನಿಂದು? ಡಿಸಿ ಆಗಿಯೇನು?"

ನಗುತ್ತಿದ್ದಳು. ಏನು ಕೆಲಸ ಅಂತ ನಾನೂ ತಿರುಗಿ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಈ ವರ್ಷ ಹಾಸ್ಟೆಲಿಗೆ ರೊಟ್ಟಿ ಮಾಡುವ ಯಂತ್ರ ಕೊಡೋಣ ಅಂದವಳು ನಮ್ಮ ಅಧ್ಯಕ್ಷೆ ಶಿವಕುಮಾರಿ. ಅಕ್ಕಿ ಗಿರಣಿಯವರ ಸೊಸೆ, ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ.

"ಹುಡುಗ್ಯಾರು ತಣ್ಣನ್ನ ರೊಟ್ಟಿ ತಿಂತಾವಂತ. ಯಾರೋ ಹೊರಗಿನಾಕಿ ಮನ್ಯಾಗ ಬಡದು ತಂದು ಹಾಕ್ತಾಳಂತ. ಪಾಪ!" ಅಂದಳು.

ಎಲ್ಲರಿಗೂ ಪಾಪ ಅನಿಸಿತು. ನನಗೂ ಅನಿಸಿತು. ಚಂದಾ ಕೇಳಿ ಕೇಳಿ ನನ್ನ ಗಂಟಲು ಹರಿಯಿತು, ಅಂತೂ ಯಂತ್ರ ಬಂತು. ಅದನ್ನು ಯಾರ ಕೈಯಿಂದ ಶುರು ಮಾಡಿಸೋದು ಅನ್ನುವ ಮಾತು ಬಂದಾಗ ನಾನೇ ಪಕೀರಮ್ಮನ ಹೆಸರು ಹೇಳಿದೆ. ಮಾನ ಕೊಟ್ಟು ಕರೆದರಾದರೂ ಬಂದಾಳು ಅನ್ನುವ ಆಸೆ.

"ಹಾಸ್ಟೆಲಿಗೆ ಏನೋ ಕೊಡಾಕತ್ತೀವಿ, ನಿನ್ನ ಕೈಲೇ ಶುರು ಮಾಡಸ್ತೀವಿ. ಏನಂತ ಈಗ ಹೇಳಂಗಿಲ್ಲ," ಅಂದೆ ಫೋನಿನಲ್ಲಿ. "ಈ ಸಲಾನೂ ಪುರುಸೊತ್ತಿಲ್ಲ ಅಂದ್ರ ನಿನ್ನ ಕೂಡ ಮಾತಾಡಂಗಿಲ್ಲ ನೋಡು."

"ಅವತ್ತ ನಾ ಅಲ್ಲೇ ಇರ್ತೀನಿ ತಗೋ," ಅಂದಳು.

ಎಷ್ಟು ಖುಷಿಯಾಯಿತು ಅಂದರೆ, ಅವಳಿಗೂ ಒಂದು ನವಿಲು ಬಣ್ಣದ ಸೀರೆ ತಂದು ಚೀಲದಲ್ಲಿಟ್ಟುಕೊಂಡೆ.

ಭಾನುವಾರ ಮುಂಜಾನೆಯ ಬಸ್ಸಿಗೆ ಸಿಂಧನೂರು ಬಿಟ್ಟು ಹಾಸ್ಟೆಲ್ ಮುಟ್ಟಿದೆ. ಅಂಗಳದ ತುಂಬ ನವಿಲು ಬಣ್ಣ. ಮಸ್ಕಿಯವರು ಮಾತ್ರ ಹಟಕ್ಕೆ ಗುಲಾಬಿಯನ್ನೇ ಉಟ್ಟು ಬಂದಿದ್ದರು. ಅಷ್ಟು ಹೆಂಗಸರಲ್ಲಿ ಪಕೀರಮ್ಮ ಕಾಣಲಿಲ್ಲ. ನೀರು ಕುಡಿಯೋಣ ಅಂತ ಅಡುಗೆಮನೆಯ ಕಡೆ ಹೋದೆ. ಒಲೆಯ ಮುಂದೆ ಒಬ್ಬಳು ಬಗ್ಗಿ ಕೂತು ಟಪಟಪ ರೊಟ್ಟಿ ಬಡಿಯುತ್ತಿದ್ದಳು. ಎಡಗೈಯಲ್ಲಿ.

"ಎಡಚೀ!"

ತಿರುಗಿ ನಕ್ಕಳು. ಹಣೆಯವರೆಗೂ ಹಿಟ್ಟು. "ಬಂದ್ಯಾ? ಕುಂದ್ರು. ಬಿಸೀದೊಂದು ತಿಂತಿಯೇನು?"

"ನೀ ಇಲ್ಲಿ ಏನ್ ಮಾಡಾಕತ್ತೀ?"

"ನಿಮಗೇ ರೊಟ್ಟಿ ಬಡಿಯಾಕತ್ತೀನಿ. ದಿನಾ ಮನ್ಯಾಗ ಬಡದು ಹುಡುಗ್ಯಾರಿಗೆ ತಂದು ಹಾಕ್ತೀನಿ. ಇವತ್ತ ಬಿಸೀದ ಬೇಕಂದ್ರು, ಇಲ್ಲೇ ಒಲಿ ಹಚ್ಚೀನಿ. ಗಂಡ ತೀರಿದ ಮ್ಯಾಲಿಂದ ಇದೇ ನಮ್ಮ ಹೊಟ್ಟಿಪಾಡು. ಪ್ರತಿ ವರ್ಷ ನಿಮ್ಮ ಊಟಕ್ಕೂ ನಂದೇ ರೊಟ್ಟಿ. ಹೋದ ವರ್ಷ ನೀ ಮೂರು ತಿಂದಿ, ಕಿಟಕ್ಯಾಗಿಂದ ನೋಡೀನಿ."

ಆ ಹೊರಗಿನಾಕಿ ಇವಳು.

"ಏನ್ ಕೊಡಾಕತ್ತೀರಿ ಬೇ ಈ ಸಲ?" ಅಂದಳು. ಬಂದೆ ತಡಿ ಅಂದವಳೇ ನೇರ ಶಿವಕುಮಾರಿಯ ಹತ್ತಿರ ಓಡಿ, ಅವಳನ್ನು ಮೂಲೆಗೆ ಎಳೆದೆ.

"ಯಂತ್ರ ಬ್ಯಾಡ ಬೇ. ಆ ರೊಟ್ಟಿಯಾಕಿ ನಮ್ಮ ಪಕೀರಮ್ಮನೇ. ಆಕಿ ಹೊಟ್ಟಿ ಮ್ಯಾಲೆ ಹೊಡದಂಗ ಆಗತೈತಿ."

"ಅಯ್ಯ ಯವ್ವಾ! ಈಗ ಹೇಳಿದ್ರ ಹೆಂಗ? ಟ್ರಸ್ಟಿನವರು ಬಂದು ಕುಂತಾರ."

"ಹಂಗಂದ್ರ ಯಂತ್ರ ನಡಸಾಕರ ಆಕೀನ ಇಟ್ಟುಕೊಳ್ಳಲಿ."

"ಹಾಸ್ಟೆಲಿನ ಅಡಿಗಿಯವರೇ ನಡಸ್ತಾರ ಅಂದಾರ. ಹೊರಗಿನ ರೊಟ್ಟಿ ಬಿಡಿಸಾಕಂತನೇ ಒಪ್ಪ್ಯಾರ ಅವರು. ಆಕಿದು ಮುಂದಿನ ಮೀಟಿಂಗಿನ್ಯಾಗ ಮಾತಾಡೋಣ ತಗೋ."

ಜಗಳವಾಡಬೇಕಿತ್ತು. ಜಗಳಕ್ಕೆ ಹಾಸ್ಟೆಲಿನಲ್ಲಿ ನನ್ನದೇ ಹೆಸರು. ಆದರೆ ಮೂರು ತಿಂಗಳ ದಣಿವು ಮೈಯಲ್ಲಿತ್ತು, ಮಂಡಿ ಸಿಡಿಯುತ್ತಿತ್ತು, ಎಲ್ಲಾದರೂ ಕೂತರೆ ಸಾಕಾಗಿತ್ತು. ಹೂಂ ಅಂದುಬಿಟ್ಟೆ. ನಾಚಿಕೆಯಾಗಬೇಕು ನನಗೆ.

ಅಷ್ಟರಲ್ಲಿ ಮೈಕಿನಲ್ಲಿ ಪಕೀರಮ್ಮನ ಹೆಸರು ಕೂಗಿದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಯಂತ್ರದ ಮೇಲಿನ ಬಟ್ಟೆ ಸರಿಸಿದರು.

"ಇಲ್ಲಿ ಒತ್ರಿ ಅಕ್ಕಾ," ಅಂದ ಯಂತ್ರ ಕೂಡಿಸಲು ಬಂದಿದ್ದ ದಾನಿಷ್. "ತಾಸಿಗೆ ಐನೂರು ರೊಟ್ಟಿ!"

ಪಕೀರಮ್ಮ ಯಂತ್ರವನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ನೆರಿಗೆ ಸರಿಮಾಡಿಕೊಳ್ಳುವವಳಂತೆ ತಲೆ ತಗ್ಗಿಸಿದೆ. ಎಡಗೈಯಿಂದ ಗುಂಡಿ ಒತ್ತಿದಳು. ರೊಟ್ಟಿ ಬಿತ್ತು, ಚಪ್ಪಾಳೆಯೂ ಬಿತ್ತು. ಅದನ್ನು ಎತ್ತಿ ತಿರುವಿ ನೋಡಿ, "ಅಂಚು ಬೆಂದಿಲ್ಲ," ಅಂದಳು. ಎಲ್ಲರೂ ನಕ್ಕರು.

"ಮೊದಲ್ನೇದು ಹಂಗ ಅಕ್ಕಾ. ಆಮ್ಯಾಲ ಬರೋಬ್ಬರಿ ಬರ್ತಾವ."

"ಬರಲಿ. ಹುಡುಗ್ಯಾರು ಬಿಸೀದು ತಿನ್ನಲಿ," ಅಂದು ಒಲೆಯ ಕಡೆ ಹೋದಳು.

ಊಟಕ್ಕೆ ಅವಳದೇ ರೊಟ್ಟಿ. ಎಲ್ಲರೂ ಹೊರಟ ಮೇಲೆ ಹಿಂದಿನ ಬಾಗಿಲಿಗೆ ಹೋದೆ. ತೊಳೆದ ಹಂಚನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದಳು. ಸೀರೆಯನ್ನು ಅವಳ ಕೈಗಿಟ್ಟೆ. ಬೇರೇನು ಮಾಡಬೇಕು ಅಂತ ತೋಚಲಿಲ್ಲ.

"ನಿನ್ನಾಣಿ, ನನಗ ಗೊತ್ತಿರಲಿಲ್ಲ ಬೇ."

"ಕೇಳಿದ್ರ ಹೇಳ್ತಿದ್ದೆ," ಅಂದಳು. ಸಿಟ್ಟು ಇರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ಸೀರೆಯ ಅಂಚನ್ನು ಬೆರಳಿನಿಂದ ಸವರಿದಳು. "ಬಣ್ಣ ಚಲೋ ಐತಿ. ಮುಂದಿನ ವರ್ಷ ಇದನ್ನ ಉಟ್ಕೊಂಡು ಬರ್ತೀನಿ."

ಚೀಲ ಹೆಗಲಿಗೇರಿಸಿದಳು.

"ಇನ್ನ ಪುರುಸೊತ್ತು ಆತಲ್ಲ ಬೇ."