ನಾಲ್ಕು ದಿಕ್ಕಿಗೂ ಒಂದೇ ಅಂಕಿ

ಅದಿರು ಹುಡುಕುವ ನಮ್ಮ ಕ್ಯಾಂಪಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಯಂತ್ರ ಹೊರುವವರೆಲ್ಲ ಮೈಮೇಲಿನ ಕಬ್ಬಿಣ ಬಿಚ್ಚಿಡಬೇಕು. ಬೆಲ್ಟು, ಬೀಗದ ಕೈ, ಪಿನ್ನು, ಫೋನು ಎಲ್ಲ ಒಂದು ಪ್ಲಾಸ್ಟಿಕ್ ಬುಟ್ಟಿಗೆ. ಪ್ಯಾಂಟಿಗೆ ಹುರಿ ಕಟ್ಟಿಕೊಂಡು ಓಡಾಡುವ ನಮ್ಮವರನ್ನು ನೋಡಿ ಹೊಸಬರು ನಗುತ್ತಾರೆ. ನೆಲದಡಿ ಕೆಲವು ಬಗೆಯ ಅದಿರು ಇದ್ದರೆ ಅಲ್ಲಿ ಭೂಮಿಯ ಕಾಂತಶಕ್ತಿ ಕೊಂಚ ಹೆಚ್ಚುಕಮ್ಮಿಯಾಗುತ್ತದೆ. ಆ ಕೊಂಚವನ್ನು ಹಿಡಿಯುವ ಯಂತ್ರವನ್ನು ಬೆನ್ನಿಗೆ ಹೊತ್ತು, ಗುಡ್ಡ ಹತ್ತಿ ಹಳ್ಳ ಇಳಿದು, ದಾರ ಎಳೆದ ಹಾಗೆ ನೇರ ಸಾಲಿನಲ್ಲಿ ನಡೆಯುವುದೇ ಅಲ್ಲಿಯ ಕೆಲಸ. ಹೊತ್ತವರ ಜೇಬಿನಲ್ಲಿ ಮೊಳೆ ಇದ್ದರೂ ಅದು ಹೇಳಿಬಿಡುತ್ತದೆ. ಅದಕ್ಕೇ ನಾವು ಅದನ್ನು ಚಾಡಿಕೋರ ಎನ್ನುತ್ತಿದ್ದೆವು.

ನಾನು ಅಲ್ಲಿ ಜೀಪಿನ ಡ್ರೈವರು. ಸಾಲು ನಡೆಯುವವರಲ್ಲಿ ನನ್ನ ಅತ್ತಿಗೆಯೂ ಒಬ್ಬರು. ಮುಳ್ಳುಕಂಟಿ ಅಡ್ಡ ಬಂದರೆ ಬೇರೆಯವರು ಸುತ್ತಿ ಹೋಗುತ್ತಿದ್ದರು, ಅತ್ತಿಗೆ ಅದರೊಳಗೇ ನುಗ್ಗಿ ಆಚೆ ಬರುತ್ತಿದ್ದರು. ಹೋದ ವರ್ಷ ಬಂಡೆಯಿಂದ ಜಾರಿ ಅವರ ಬಲಗಾಲು ಮುರಿಯಿತು. ಡಾಕ್ಟರು ಮೂಳೆಯೊಳಗೆ ಸರಳು ಕೂರಿಸಿ, "ಇದು ಟೈಟಾನಿಯಂ, ಅಯಸ್ಕಾಂತ ಅಂಟಲ್ಲ" ಎಂದಿದ್ದರು. ವಾಸಿಯಾಗಿ ಬಂದಾಗ ಕ್ಯಾಂಪಿನ ಸಾಹೇಬರಿಗೆ ಆ ಮಾತು ಸಾಲಲಿಲ್ಲ. ಪರೀಕ್ಷೆಯಲ್ಲಿ ಪಾಸಾದರೆ ಸಾಲು, ಇಲ್ಲದಿದ್ದರೆ ಪಟ್ಟಣದ ಆಫೀಸಿನಲ್ಲಿ ಕುರ್ಚಿ ಎಂದರು. ಅತ್ತಿಗೆಗೆ ಕುರ್ಚಿ ಅಂದರೆ ಜೈಲು.

ಪರೀಕ್ಷೆ ಸುಲಭದ್ದು. ಯಂತ್ರ ಹೊತ್ತು, ನೆಲದಲ್ಲಿ ನೆಟ್ಟ ಒಂದು ಗೂಟದ ಬಳಿ ನಿಂತು, ನಿಂತಲ್ಲೇ ನಾಲ್ಕು ದಿಕ್ಕಿಗೂ ತಿರುಗಬೇಕು. ಮೈಮೇಲೆ ಕಬ್ಬಿಣ ಇಲ್ಲದಿದ್ದರೆ ಯಂತ್ರ ತೋರಿಸುವ ಅಂಕಿ ಕದಲುವುದಿಲ್ಲ.

ಅತ್ತಿಗೆಯ ಅಂಕಿ ಕದಲಿತು.

"ತಲೆಗೆ ಕ್ಲಿಪ್ಪು?" ಎಂದರು ಸಾಹೇಬರು.

"ಬಟ್ಟೆ ರಿಬ್ಬನ್ನು ಸಾರ್."

ಅತ್ತಿಗೆ ಕನ್ನಡಕ ತೆಗೆದರು. ಗುಂಡಿಯ ಮೇಲೆ ಅನುಮಾನ ಬಂದು ಜಾಕೆಟ್ಟೂ ತೆಗೆದರು. ಅಂಕಿ ಮತ್ತೆ ಕದಲಿತು.

"ಶೂ?"

"ನಮ್ಮತ್ತೆ ಕೊಡಿಸಿದ್ದು ಸಾರ್. ಅಯಸ್ಕಾಂತ ಹಿಡಿದು ನೋಡಿಯೇ ತಂದಿದ್ದಾರೆ."

ಅದು ನಿಜ. ನನ್ನ ಅಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮಾವಿನಕಾಯಿ ಬೊಂಬೆಯನ್ನು ಕಿತ್ತು ಅಂಗಡಿಗೆ ಒಯ್ದು, ಒಂದೊಂದೇ ಶೂಗೆ ಉಜ್ಜಿದ್ದರು. "ಅಜ್ಜಿ, ಶೂ ತಗೋತೀರೋ ಇಲ್ಲಾ ಮಂತ್ರ ಹಾಕ್ತೀರೋ?" ಎಂದ ಅಂಗಡಿಯವನಿಗೆ, "ನನ್ನ ಸೊಸೆ ಕಾಲಿಗೆ ಹೋಗೋದು, ನೀನು ಸುಮ್ನೆ ನಿಂತ್ಕೋ" ಎಂದಿದ್ದರಂತೆ.

ಸಾಹೇಬರು ಉಸಿರುಬಿಟ್ಟರು. "ಉಳಿದಿದ್ದು ಕಾಲು ಒಂದೇ ಮೇಡಂ. ನನಗೂ ಬೇಜಾರೇ."

ನನಗೆ ತಡೆಯಲಾಗಲಿಲ್ಲ. "ಯಂತ್ರವೇ ಕೆಟ್ಟಿದೆ ಅನ್ನಿ ಅತ್ತಿಗೆ" ಎಂದು ಪಿಸುಗುಟ್ಟಿದೆ.

"ಚಾಡಿಕೋರನ ಮೇಲೇ ಚಾಡಿ ಹೇಳ್ತೀಯಾ? ಬಾಯಿ ಮುಚ್ಚು" ಎಂದು ಗದರಿ, ಅವರು ಸಾಹೇಬರ ಕಡೆ ತಿರುಗಿದರು. "ಕಾಲಿನ ಮೇಲೆ ಅನುಮಾನ ಇದ್ರೆ ಕಾಲನ್ನೇ ಕೇಳೋಣ ಸಾರ್. ಹತ್ತಿರ ಹಿಡಿದು ನೋಡಿ. ಕದ್ದಿದ್ರೆ ಅಲ್ಲೇ ಸಿಕ್ಕಿಬೀಳುತ್ತೆ."

ಯಂತ್ರ ಹಿಡಿಯಲು ಸಾಹೇಬರು ನನ್ನನ್ನು ಕರೆದರು. ನಾನು ಜೇಬು ಖಾಲಿ ಮಾಡುವಷ್ಟರಲ್ಲಿ, "ಒಂದು ಗ್ಯಾರೇಜನ್ನೇ ಹೊತ್ಕೊಂಡು ತಿರುಗ್ತೀಯಲ್ಲೋ" ಎಂಬ ಅತ್ತಿಗೆಯ ಮಾತು ಬೇರೆ. ಯಂತ್ರಕ್ಕೆ ಜೋಡಿಸಿದ, ಕಬ್ಬಿಣ ಪತ್ತೆಹಚ್ಚುವ ಕೋಲನ್ನು ನೆಲದ ಹತ್ತಿರ ಅಲುಗದಂತೆ ಹಿಡಿದೆ. ಅತ್ತಿಗೆ ನೆಲದ ಮೇಲೆ ಕೂತು, ಎರಡೂ ಶೂ ಬಿಚ್ಚಿ ದೂರಕ್ಕೆ ಎಸೆದು, ಪ್ಯಾಂಟು ಮಡಚಿ, ಹೊಲಿಗೆಯ ಗುರುತಿದ್ದ ಕಾಲನ್ನು ಚಾಚಿದರು. ದೂರದಿಂದಾದರೆ ವಾದ ಮಾಡಲು ಜಾಗ ಉಳಿಯುತ್ತದೆ. ಗೇಣು ಹತ್ತಿರದಲ್ಲಿ ಅಂಕಿ ಕುಣಿದರೆ ಮುಗಿಯಿತು, ದೇವರೇ ಬಂದರೂ ಕುರ್ಚಿ ತಪ್ಪುವುದಿಲ್ಲ. ಅದು ಗೊತ್ತಿದ್ದೂ ಕಾಲು ಚಾಚಿದ ಹೆಂಗಸು ನಮ್ಮ ಮನೆಯ ಸೊಸೆ ಎಂದು ನನಗೆ ಆ ಕ್ಷಣದಲ್ಲೂ ಹೆಮ್ಮೆಯಾಯಿತು.

ಕಾಲು ಹತ್ತಿರ ಬಂತು, ದೂರ ಹೋಯಿತು, ಮತ್ತೆ ಬಂತು. ಅಂಕಿ ಕಲ್ಲಿನಂತೆ ನಿಂತಿತ್ತು.

"ಹಾಗಾದ್ರೆ ಮತ್ತೆ..." ಎಂದರು ಸಾಹೇಬರು.

ಅತ್ತಿಗೆ ಎಸೆದ ಶೂ ಕಡೆ ನೋಡುತ್ತಿದ್ದರು. ಎದ್ದು ಹೋಗಿ ಒಂದನ್ನು ತಂದು ಕೋಲಿನ ಬಳಿ ಹಿಡಿದರು. ಅಂಕಿ ಬೆದರಿದ ಮೇಕೆಯ ಹಾಗೆ ನೆಗೆಯಿತು. ಅಡಿಯ ದಪ್ಪ ರಬ್ಬರಿನ ನಡುವೆ ಶೂ ಮಾಡಿದವರು ಗಟ್ಟಿಯಾಗಿರಲೆಂದು ಉಕ್ಕಿನ ಪಟ್ಟಿ ಇಟ್ಟಿದ್ದರು. ಮಾವಿನಕಾಯಿ ಬೊಂಬೆಗೆ ಅಷ್ಟು ಆಳದ ಸುದ್ದಿ ಮುಟ್ಟಿರಲಿಲ್ಲ.

ನನ್ನ ಕ್ಯಾನ್ವಾಸ್ ಶೂ ಬಿಚ್ಚಿಸಿ, ತುದಿಗೆ ಬಟ್ಟೆ ತುರುಕಿ ಹಾಕಿಕೊಂಡು, ಅತ್ತಿಗೆ ಯಂತ್ರ ಹೊತ್ತು ಮತ್ತೆ ಗೂಟದ ಬಳಿ ನಿಂತರು. ನಾಲ್ಕು ದಿಕ್ಕಿಗೂ ಒಂದೇ ಅಂಕಿ. ಸಾಹೇಬರು ಇನ್ನೊಮ್ಮೆ ತಿರುಗಿಸಿದರು, ಆಮೇಲೆ ನಕ್ಕರು. "ಪೂರ್ವದ ಸಾಲು ನಿಮ್ಮದು ಮೇಡಂ, ಹೊರಡಿ."

ನಾನು ಬರಿಗಾಲಲ್ಲಿ, ಕಲ್ಲು ಚುಚ್ಚಿದಾಗೆಲ್ಲ ಕುಪ್ಪಳಿಸುತ್ತಾ, ದೂರದ ದಿಣ್ಣೆಯ ಮೇಲೆ ನಿಲ್ಲಿಸಿದ್ದ ಜೀಪಿಗೆ ಬಂದೆ. ಅಲ್ಲಿ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಅಮ್ಮ ಕಾಯುತ್ತಿದ್ದರೇನೋ, ಒಂದೇ ರಿಂಗಿಗೆ ಎತ್ತಿದರು.

"ಪಾಸಾದಳೇನೋ?"

"ಪಾಸಾದ್ರು."

"ಶೂ ಹೇಗಾಯ್ತಂತೆ?"

"ಅದನ್ನ ಬಿಚ್ಚಿದ ಮೇಲೇ ಪಾಸಾಗಿದ್ದು ಅಮ್ಮಾ. ಒಳಗೆ ಕಬ್ಬಿಣ ಇತ್ತು."

"ಅಷ್ಟು ಉಜ್ಜಿದೆನಲ್ಲೋ... ಈಗ ಕಾಲಿಗೆ ಏನು ಹಾಕ್ಕೊಂಡಿದ್ದಾಳೆ?"

"ನನ್ನ ಶೂ."

"ನಿನ್ನದಾ! ಯಾವತ್ತಾದ್ರೂ ತೊಳೆದಿದ್ಯೇನೋ ಅದನ್ನ?"

ನಾನು ಎದುರಿನ ಗುಡ್ಡ ನೋಡಿದೆ. ಸ್ವಲ್ಪ ಕುಂಟುತ್ತಾ, ಮುಳ್ಳುಕಂಟಿಯೊಳಗೆ ನುಗ್ಗಿದ ಅತ್ತಿಗೆ ಅದೇ ಸಾಲಿನಲ್ಲಿ ಆಚೆ ಬಂದರು.